ವೆಲ್ಡಿಂಗ್ ವರ್ಕ್‌ಶಾಪಿಗೆ ಹೋಸ್ ರೀಲ್, ಕೇಬಲ್ ರೀಲ್: ಕೊಳ್ಳುವ ಮುಂಚಿನ ಲೆಕ್ಕ

ನಾನು ಮೊದಲು ಕೊಂಡ ಕೇಬಲ್ ರೀಲ್ ಮೂರೇ ತಿಂಗಳಿಗೆ ಕೈಕೊಟ್ಟಿತು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಪ್ಲಗ್ ಸರಿಯಿತ್ತು, ಸಾಕೆಟ್ ಸರಿಯಿತ್ತು. ಎಳೆದರೆ ಮಾತ್ರ ಕೇಬಲ್ ಬರುತ್ತಿರಲಿಲ್ಲ. ಡ್ರಮ್ಮಿನ ಪಕ್ಕದ ತಟ್ಟೆ ಬಿಚ್ಚಿ ನೋಡಿದೆ. ಒಳಗಿನ ನಾಲ್ಕೈದು ಸುತ್ತು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಉಂಡೆಯಾಗಿತ್ತು. ಎರಡು ಕಡೆ ತಾಮ್ರ ಇಣುಕುತ್ತಿತ್ತು.

ತಪ್ಪು ರೀಲಿನದ್ದಲ್ಲ, ನನ್ನದೇ. ಮಷೀನು ಪಕ್ಕದಲ್ಲೇ ಇದೆಯಲ್ಲ ಅಂತ ಮೂವತ್ತು ಮೀಟರಿನಲ್ಲಿ ಎರಡು ಮೀಟರ್ ಮಾತ್ರ ಎಳೆದು ಮಧ್ಯಾಹ್ನವಿಡೀ ಕೆಲಸ ಮಾಡಿದ್ದೆ. ಉಳಿದ ಇಪ್ಪತ್ತೆಂಟು ಮೀಟರ್ ಡ್ರಮ್ಮಿನ ಒಳಗೆ ಸುಮ್ನೆ ಕೂತಿತ್ತು ಅಂದುಕೊಂಡಿದ್ದೆ. ಸುಮ್ನೆ ಎಲ್ಲಿ ಕೂತಿತ್ತು? ಕರೆಂಟ್ ಅದರೊಳಗಿಂದಲೂ ಹಾದುಹೋಗುತ್ತಿತ್ತು, ಅಲ್ವಾ?

ರೀಲು ಅಂದರೆ ವಸ್ತು ಎತ್ತಿಡುವ ಗೂಟ ಅಂದುಕೊಂಡರೆ ಎಡವುತ್ತೇವೆ. ಅದರಲ್ಲಿ ಸುತ್ತಿಕೊಂಡಿರುವ ಪ್ರತಿ ಮೀಟರೂ ಕೆಲಸದಲ್ಲಿ ಭಾಗಿ. ಕೇಬಲ್ ಆದರೆ ಕಾಯುತ್ತದೆ, ಹೋಸ್ ಆದರೆ ಒತ್ತಡ ತಿನ್ನುತ್ತದೆ. ಹಾಗಾಗಿ ರೀಲ್ ಆರಿಸುವಾಗ ಪೂರ್ತಿ ಬಿಚ್ಚಿದ ಸ್ಥಿತಿಯನ್ನಲ್ಲ, ಅರ್ಧ ಸುತ್ತಿಕೊಂಡಿರುವ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯಿರಿ. ನಿತ್ಯ ಕೆಲಸ ನಡೆಯುವುದು ಹಾಗೇ.

1. ಯಾವುದಕ್ಕೆ ರೀಲ್ ಬೇಕು, ಯಾವುದಕ್ಕೆ ಬೇಡ

ವರ್ಕ್‌ಶಾಪಿನಲ್ಲಿ ಓಡಾಡುವ ಲೈನುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗ್ರೈಂಡರ್, ಡ್ರಿಲ್ಲಿಗೆ ಹೋಗುವ ಕರೆಂಟ್ ಲೈನ್. ರಾಡ್ ಹಿಡಿಯುವ ಹೋಲ್ಡರಿಗೆ ಹೋಗುವ ವೆಲ್ಡಿಂಗ್ ಕೇಬಲ್, ಜೊತೆಗೆ ಕರೆಂಟ್ ವಾಪಸ್ ಬರುವ ಅರ್ತ್ ಕ್ಲ್ಯಾಂಪಿನ ಕೇಬಲ್. ಗ್ಯಾಸ್ ಕಟಿಂಗಿನ ಜೋಡಿ ಹೋಸ್. ಆರ್ಗಾನ್ ಅಥವಾ ಕಾರ್ಬನ್ ಡೈಆಕ್ಸೈಡ್ ಲೈನ್. ಕಂಪ್ರೆಸರ್ ಗಾಳಿ. ಇವುಗಳಲ್ಲಿ ದಿನಕ್ಕೆ ಹತ್ತು ಸಲ ಎಳೆದು, ಹತ್ತು ಸಲ ಎತ್ತಿಡುವಂಥದ್ದಕ್ಕೆ ರೀಲ್ ಹಾಕಿ. ಬೆಳಗ್ಗೆ ಎಳೆದು ಸಂಜೆವರೆಗೂ ಹಾಗೇ ಬಿದ್ದಿರುವ ಲೈನಿಗೆ ರೀಲ್ ದಂಡ. ಅದಕ್ಕೆ ಗೋಡೆಗುಂಟ ಪೈಪೋ ಟ್ರೇಯೋ ಹಾಕಿಸಿ.

ಕೆಲವನ್ನು ರೀಲಿಗೆ ಹಾಕಲೇಬಾರದು. ಮಿಗ್ (ತಂತಿ ತಾನೇ ಹೊರಬರುತ್ತಿರುವ ವೆಲ್ಡಿಂಗ್) ಟಾರ್ಚಿನ ಕೇಬಲ್ ಅದರಲ್ಲೊಂದು. ಒಳಗಿನ ಲೈನರ್ ಅನ್ನುವ ಕೊಳವೆಯಲ್ಲಿ ತಂತಿ ಜಾರಬೇಕು. ಸುರುಳಿ ಹೊಡೆದಷ್ಟೂ ತಂತಿ ಸಿಕ್ಕಿಕೊಳ್ಳುತ್ತದೆ. ಹೈ ಫ್ರೀಕ್ವೆನ್ಸಿಯಲ್ಲಿ ಆರ್ಕ್ (ವೆಲ್ಡಿಂಗಿನ ಉರಿ) ಹಚ್ಚುವ ಟಿಗ್ (ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) ಮಷೀನಿನ ಕೇಬಲ್ ಇನ್ನೊಂದು. ಸುರುಳಿಯಲ್ಲಿ ಇಂಡಕ್ಟನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಒಡ್ಡುವ ಅಡ್ಡಿ, ಹೆಚ್ಚುತ್ತದೆ. ಆರ್ಕ್ ಹಚ್ಚುವ ಆ ಸಣ್ಣ ಕಿಡಿ ದಾರಿಯಲ್ಲೇ ಸೋರಿಹೋಗುತ್ತದೆ. ಪಲ್ಸ್ ಮಿಗ್‌ನಲ್ಲೂ ಇದೇ ತೊಂದರೆ: ಚೂಪಾಗಿ ಏರಿಳಿಯಬೇಕಾದ ಕರೆಂಟ್ ಮೊಂಡಾಗುತ್ತದೆ. ಮಷೀನ್ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಸರಿಹೋಗದ ಆರ್ಕ್ ಕೇಬಲನ್ನು ನೇರ ಹಾಸಿದ ಕೂಡಲೇ ಸರಿಯಾಗಿದ್ದು ನಾನೇ ನೋಡಿದ್ದೇನೆ.

2. ಉದ್ದ: "ಇರಲಿ ಬಿಡಿ" ಅಂತ ಜಾಸ್ತಿ ಕೊಳ್ಳಬೇಡಿ

ಟೇಪ್ ಹಿಡಿದು ಅಳೆಯಿರಿ. ನೇರ ಗೆರೆಯನ್ನಲ್ಲ, ಲೈನ್ ನಿಜವಾಗಿ ಹೋಗುವ ದಾರಿಯನ್ನು ಅಳೆಯಬೇಕು. ಉದಾಹರಣೆಗೆ ಮೂರು ಮೀಟರ್ ಎತ್ತರದಲ್ಲಿ ರೀಲ್ ಇದೆ ಅಂದುಕೊಳ್ಳಿ. ಎತ್ತರದಿಂದ ಕೆಲಸದ ಮಟ್ಟಕ್ಕೆ ಇಳಿಯಲು ಎರಡು ಮೀಟರ್. ದೂರದ ಮೂಲೆಗೆ ಎಂಟು ಮೀಟರ್. ಟೇಬಲ್ ಸುತ್ತಿ ಹೋಗಲು ಇನ್ನೆರಡು. ಒಟ್ಟು ಹನ್ನೆರಡು. ಕೈ ಸಲೀಸಾಗಿ ಆಡಲು ಎರಡು ಮೀಟರ್ ಸಡಿಲ ಬೇಕು. ಡ್ರಮ್ಮಿನಲ್ಲಿ ಕೊನೆಯ ಎರಡು ಸುತ್ತು ಯಾವಾಗಲೂ ಉಳಿದಿರಬೇಕು, ಇಲ್ಲವಾದರೆ ಎಳೆತವೆಲ್ಲ ಒಳಗಿನ ಜಾಯಿಂಟಿನ ಮೇಲೆ ಬೀಳುತ್ತದೆ. 30 ಸೆಂ.ಮೀ. ವ್ಯಾಸದ ಡ್ರಮ್ಮಿನಲ್ಲಿ ಎರಡು ಸುತ್ತೆಂದರೆ ಹತ್ತಿರ ಹತ್ತಿರ ಎರಡು ಮೀಟರ್. ಹದಿನಾರಾಯಿತು. ಇಪ್ಪತ್ತು ಮೀಟರಿನ ರೀಲ್ ಸಾಕು.

ಅಂಗಡಿಯಲ್ಲಿ ಮೂವತ್ತರದ್ದೂ ಕಾಣುತ್ತದೆ, ಆಸೆಯೂ ಆಗುತ್ತದೆ. ಆ ಹೆಚ್ಚಿನ ಹತ್ತು ಮೀಟರ್ ವರ್ಷವಿಡೀ ಡ್ರಮ್ಮಿನಲ್ಲೇ ಇರುತ್ತದೆ. ಇದ್ದಷ್ಟು ದಿನವೂ ಕಾಯುತ್ತ, ಒತ್ತಡ ತಿನ್ನುತ್ತ ಇರುತ್ತದೆ. ಒಂದು ದೊಡ್ಡ ರೀಲಿಗಿಂತ ವರ್ಕ್‌ಶಾಪಿನ ಎರಡು ಕಡೆ ಎರಡು ಚಿಕ್ಕ ರೀಲ್ ಹಾಕುವುದೇ ನನಗೆ ಇಷ್ಟ.

3. ಕರೆಂಟ್ ಲೈನಿನ ರೀಲ್

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. 2.5 ಸ್ಕ್ವೇರ್ ಎಂಎಂ ತಾಮ್ರದ ಬಳುಕುವ ಕೇಬಲಿಗೆ ಕಿಲೋಮೀಟರಿಗೆ ಸುಮಾರು 8 ಓಮ್ ರೆಸಿಸ್ಟೆನ್ಸ್. ಮೂವತ್ತು ಮೀಟರ್ ರೀಲಿನಲ್ಲಿ ಕರೆಂಟ್ ಹೋಗಿ ಬರಲು ಅರವತ್ತು ಮೀಟರ್ ತಾಮ್ರ. ಅಂದರೆ 0.48 ಓಮ್. 16 ಆಂಪಿಯರ್ ಹರಿದರೆ ಕೇಬಲಿನಲ್ಲೇ 120 ವ್ಯಾಟಿಗೂ ಹೆಚ್ಚು ಶಾಖ. ಹಳೇ ಕಾಲದ 100 ವ್ಯಾಟ್ ಬಲ್ಬನ್ನು ಕಂಬಳಿಯಲ್ಲಿ ಸುತ್ತಿಟ್ಟ ಹಾಗೆ. ಅದೇ 1.5 ಸ್ಕ್ವೇರ್ ಎಂಎಂ ಆದರೆ 200 ವ್ಯಾಟ್. ನೆಲದ ಮೇಲೆ ಹಾಸಿದ್ದರೆ ಗಾಳಿಗೆ ಆರುತ್ತದೆ. ಡ್ರಮ್ಮಿನ ನಡುವಿನ ಸುತ್ತುಗಳಿಗೆ ಗಾಳಿ ಎಲ್ಲಿಂದ ಬರಬೇಕು? ಮಾಮೂಲಿ ಪಿವಿಸಿ ಇನ್ಸುಲೇಶನ್ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ.

ಅದಕ್ಕೇ ಒಳ್ಳೇ ರೀಲಿನ ಪ್ಲೇಟಿನ ಮೇಲೆ ಎರಡು ಅಂಕಿ ಇರುತ್ತವೆ: ಪೂರ್ತಿ ಬಿಚ್ಚಿದಾಗ ಎಷ್ಟು ವ್ಯಾಟ್, ಸುತ್ತಿದ್ದಾಗ ಎಷ್ಟು. 16 ಆಂಪಿಯರ್ ರೀಲುಗಳಲ್ಲಿ ಮೊದಲನೆಯದು 3000 ವ್ಯಾಟ್ ದಾಟಿರುತ್ತದೆ, ಎರಡನೆಯದು ಸಾಮಾನ್ಯವಾಗಿ 1000ದ ಆಸುಪಾಸು. ಮೂರನೇ ಒಂದು ಭಾಗ! ನಿಮ್ಮ ಕೆಲಸಕ್ಕೆ ಎರಡನೆಯ ಅಂಕಿಯೇ ಮುಖ್ಯ. ಒಂದೇ ಅಂಕಿ ಬರೆದಿರುವ ರೀಲನ್ನು ನಾನಂತೂ ಕೊಳ್ಳುವುದಿಲ್ಲ.

ಕೊಳ್ಳುವಾಗ ಇಷ್ಟು ನೋಡಿ. ಕಾದರೆ ತಾನೇ ಕಟ್ ಆಗುವ ಥರ್ಮಲ್ ಕಟೌಟ್ ಇರಬೇಕು. ಕೇಬಲ್ ರಬ್ಬರಿನದ್ದಾಗಿರಬೇಕು, ಎಚ್07ಆರ್‌ಎನ್-ಎಫ್ ಅಂತ ಬರೆದಿರುವುದು ಈ ಕೆಲಸಕ್ಕೆ ಒಗ್ಗುತ್ತದೆ. ಗ್ರೈಂಡರ್ ಕಿಡಿ ಬಿದ್ದರೆ ಪಿವಿಸಿ ಕರಗಿ ಒಳಕ್ಕೆ ತೂತಾಗುತ್ತದೆ, ರಬ್ಬರ್ ಮೇಲ್ಮೈ ಸುಟ್ಟು ನಿಲ್ಲುತ್ತದೆ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಇರಲಿ. ಇಂಡಸ್ಟ್ರಿ ಬಳಕೆಯ ಕೇಬಲ್ ರೀಲುಗಳಿಗೆ ಐಇಸಿ 61316 ಅಂತ ಬೇರೆಯೇ ಸ್ಟ್ಯಾಂಡರ್ಡ್ ಇದೆ. ಮನೆ ಬಳಕೆಯವುಗಳದ್ದು 61242. ಪ್ಲೇಟಿನ ಮೇಲೆ ಯಾವ ನಂಬರ್ ಇದೆ ಅಂತ ನೋಡಿದರೆ ಅದನ್ನು ಯಾರಿಗಾಗಿ ಮಾಡಿದ್ದಾರೆ ಅನ್ನುವುದು ತಿಳಿಯುತ್ತದೆ. ಗ್ರೈಂಡಿಂಗ್ ಪುಡಿ ಹಾರುವ ಜಾಗವಾದರೆ ಐಪಿ 54 (ಧೂಳು, ನೀರು ತಡೆಯುವ ಗುರುತು) ಅಥವಾ ಅದಕ್ಕಿಂತ ಮೇಲಿನದ್ದು ತೆಗೆದುಕೊಳ್ಳಿ. ಕಬ್ಬಿಣದ ಪುಡಿ ಕರೆಂಟ್ ಹರಿಸುತ್ತದೆ. ಅದು ರೀಲಿನ ಒಳಗಿನ ಕಾಂಟ್ಯಾಕ್ಟ್ ಉಂಗುರಗಳ ಮೇಲೆ ಕೂರಬಾರದು.

ಇನ್ನೊಂದು ವಿಷಯ. ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನನ್ನು ಎಲ್ಲರೂ ಈ ರೀಲಿಗೇ ಚುಚ್ಚುತ್ತಾರೆ. 200 ಆಂಪಿಯರಿನಲ್ಲಿ ರಾಡ್ ಸುಡುವಾಗ ಆರ್ಕ್ ವೋಲ್ಟೇಜ್ ಸುಮಾರು 28. ಅಂದರೆ ಹೊರಗೆ ಬರುವುದೇ 5600 ವ್ಯಾಟ್. ಮಷೀನಿನ ನಷ್ಟ ಸೇರಿಸಿದರೆ 230 ವೋಲ್ಟ್ ಸಿಂಗಲ್ ಫೇಸಿನಲ್ಲಿ 30 ಆಂಪಿಯರ್ ಹತ್ತಿರ ಎಳೆಯುತ್ತದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಕಡಿಮೆಯಿದ್ದರೆ ಇನ್ನೂ ಜಾಸ್ತಿ. 16 ಆಂಪಿಯರ್ ರೀಲಿನ ಕೆಲಸ ಅಲ್ಲವೇ ಅಲ್ಲ ಇದು. ಮಷೀನಿಗೆ ಪ್ರತ್ಯೇಕ ಪಾಯಿಂಟ್ ಹಾಕಿಸಿ. ರೀಲು ಗ್ರೈಂಡರಿಗೆ, ಡ್ರಿಲ್ಲಿಗೆ, ಲೈಟಿಗೆ ಇರಲಿ.

4. ವೆಲ್ಡಿಂಗ್ ಕೇಬಲಿನ ರೀಲ್

ಇದು ಬೇರೆ ಜಾತಿ. ವೋಲ್ಟೇಜ್ ಕಡಿಮೆ, ಕರೆಂಟ್ ವಿಪರೀತ. ಮೊದಲು ಕೇಬಲ್ ದಪ್ಪ ನಿಗದಿ ಮಾಡಿ, ಆಮೇಲೆ ರೀಲ್ ಹುಡುಕಿ. ತೆರೆದ ಗಾಳಿಯಲ್ಲಿ, 30 ಡಿಗ್ರಿ ವಾತಾವರಣದಲ್ಲಿ, ಬಿಡುವಿಲ್ಲದೆ ಉರಿಸಿದರೆ ರಬ್ಬರ್ ವೆಲ್ಡಿಂಗ್ ಕೇಬಲ್ ತಾಳುವುದು ಹೆಚ್ಚುಕಮ್ಮಿ ಹೀಗೆ: 25 ಸ್ಕ್ವೇರ್ ಎಂಎಂಗೆ 180 ಆಂಪಿಯರ್, 35ಕ್ಕೆ 225, 50ಕ್ಕೆ 285, 70ಕ್ಕೆ 355. ಯಾರೂ ಬಿಡುವಿಲ್ಲದೆ ವೆಲ್ಡಿಂಗ್ ಮಾಡುವುದಿಲ್ಲ. ಹತ್ತು ನಿಮಿಷದಲ್ಲಿ ಆರು ನಿಮಿಷ ಆರ್ಕ್ ಇದ್ದರೆ ಅದು 60 ಪರ್ಸೆಂಟ್ ಡ್ಯೂಟಿ ಸೈಕಲ್. ಆಗ 35ರ ಕೇಬಲ್ 290ರ ತನಕ ಎಳೆಯುತ್ತದೆ.

ಇವೆಲ್ಲ ಹಾಸಿದ ಕೇಬಲಿನ ಅಂಕಿಗಳು. ಸುತ್ತಿದ ಕೇಬಲಿಗೆ ಇಷ್ಟು ತಾಕತ್ತಿಲ್ಲ. ಡ್ರಮ್ಮಿನ ಮೇಲೆ ಎಷ್ಟು ಪದರ ಇದೆ ಅನ್ನುವುದರ ಮೇಲೆ ರೀಲ್ ಮಾಡಿದವರು ಬೇರೆ ಅಂಕಿ ಕೊಟ್ಟಿರುತ್ತಾರೆ. ಜೊತೆಗೆ ರೀಲಿನ ತಿರುಗುವ ಕಾಂಟ್ಯಾಕ್ಟಿಗೂ ಒಂದು ಮಿತಿ ಇದೆ, ಅದನ್ನೂ ಡ್ಯೂಟಿ ಸೈಕಲ್ ಜೊತೆಗೇ ಬರೆದಿರುತ್ತಾರೆ. ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ. "300 ಆಂಪಿಯರ್" ಅಂತ ದೊಡ್ಡದಾಗಿ ಬರೆದು, ಅದು ಎಷ್ಟು ಪರ್ಸೆಂಟಿಗೆ ಅಂತ ಬರೆಯದಿದ್ದರೆ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ವೋಲ್ಟೇಜ್ ಇಳಿತವನ್ನೂ ನೋಡಬೇಕು. ಹೋಲ್ಡರ್ ಕೇಬಲ್ ಮೂವತ್ತು ಮೀಟರ್, ಅರ್ತ್ ಕೇಬಲ್ ಮೂವತ್ತು ಮೀಟರ್, 200 ಆಂಪಿಯರ್. ಕೇಬಲ್ 35 ಸ್ಕ್ವೇರ್ ಎಂಎಂ ಆದರೆ ದಾರಿಯಲ್ಲೇ 6.6 ವೋಲ್ಟ್ ಹೋಗುತ್ತದೆ. 50 ಆದರೆ 4.6. 70 ಆದರೆ 3.3. ಆರ್ಕಿಗೆ ಬೇಕಾದದ್ದೇ 28 ವೋಲ್ಟ್, ನೆನಪಿರಲಿ. ಹೊಸ ರೀಲ್ ಹಾಕಿದ ಮೇಲೆ ರಾಡ್ ಅಂಟುತ್ತದೆ ಅಂತ ದೂರುವವರ ಕೇಬಲ್ ನೋಡಿ. ಮುಂಚೆ ಹತ್ತು ಮೀಟರಿಗೆ ಸಾಕಾಗುತ್ತಿದ್ದ ದಪ್ಪವನ್ನೇ ಮೂವತ್ತು ಮೀಟರಿಗೂ ಹಾಕಿರುತ್ತಾರೆ.

ದಪ್ಪ ಮಾಡಿದರೆ ತೂಕ ಬರುತ್ತದೆ. 50 ಸ್ಕ್ವೇರ್ ಎಂಎಂನಲ್ಲಿ ತಾಮ್ರವೊಂದೇ ಮೀಟರಿಗೆ ಸುಮಾರು 450 ಗ್ರಾಂ. ಇಪ್ಪತ್ತೈದು ಮೀಟರಿಗೆ ಹನ್ನೊಂದು ಕಿಲೋ ದಾಟುತ್ತದೆ, ಮೇಲಿನ ರಬ್ಬರ್ ಬೇರೆ. ಇಷ್ಟನ್ನು ಸ್ಪ್ರಿಂಗಿನಲ್ಲಿ ಎಳೆದುಕೊಳ್ಳುವ ರೀಲ್ ದೊಡ್ಡದೂ ಹೌದು, ದುಬಾರಿಯೂ ಹೌದು. ಕೈಯಲ್ಲಿ ತಿರುಗಿಸುವ ಹಿಡಿಕೆಯ ರೀಲೇ ಇಲ್ಲಿ ಮೇಲು.

ಅರ್ತ್ ಕೇಬಲಿಗೂ ಅಷ್ಟೇ ದಪ್ಪ ಬೇಕು. ಹೋಲ್ಡರಿಗೆ ಚೆಂದದ ರೀಲ್ ತಂದು, ವಾಪಸ್ ದಾರಿಗೆ ಶೆಡ್ಡಿನ ಕಂಬವನ್ನೋ ಹಳೇ ಆ್ಯಂಗಲನ್ನೋ ಬಳಸುವವರಿದ್ದಾರೆ. 200 ಆಂಪಿಯರ್ ತನಗೆ ಸಿಕ್ಕ ದಾರಿ ಹಿಡಿಯುತ್ತದೆ. ಕ್ರೇನಿನ ಚೈನು, ಬೇರಿಂಗು, ಇನ್ಯಾವುದೋ ಗ್ರೈಂಡರಿನ ಅರ್ತ್ ವೈರು, ಯಾವುದೂ ಅದಕ್ಕೆ ಅಡ್ಡಿಯಿಲ್ಲ. ಕ್ಲ್ಯಾಂಪ್ ಯಾವಾಗಲೂ ಕೆಲಸದ ತುಂಡಿನ ಮೇಲೆ, ಜಾಯಿಂಟಿಗೆ ಹತ್ತಿರ ಇರಲಿ. ರೀಲಿನ ಕರೆಂಟ್ ಹರಿಯುವ ಭಾಗಕ್ಕೂ ಅದರ ಚೌಕಟ್ಟಿಗೂ ನಡುವೆ ಇನ್ಸುಲೇಶನ್ ಇದೆಯೇ ಅಂತ ಮೀಟರ್ ಹಿಡಿದು ನೋಡಿಯೇ ಗೋಡೆಗೆ ಬೋಲ್ಟ್ ಮಾಡಿ.

5. ಗ್ಯಾಸ್ ಕಟಿಂಗಿನ ಜೋಡಿ ಹೋಸ್

ಕೇಬಲ್ ತಪ್ಪಾದರೆ ಕೇಬಲ್ ಸುಡುತ್ತದೆ. ಇಲ್ಲಿ ತಪ್ಪಾದರೆ ಏನೇನು ಸುಡುತ್ತದೋ ಹೇಳಲಾಗದು. ಹಾಗಾಗಿ ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ.

ಹೋಸಿನ ಮೈಮೇಲೆ ಬರೆದಿರುವುದನ್ನು ಓದಿ. ವೆಲ್ಡಿಂಗ್ ರಬ್ಬರ್ ಹೋಸಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 3821. ಅದರ ಪ್ರಕಾರ ಆಕ್ಸಿಜನ್ ಹೋಸ್ ನೀಲಿ, ಅಸಿಟಿಲೀನ್ ಕೆಂಪು, ಎಲ್‌ಪಿಜಿ ಕಿತ್ತಳೆ ಬಣ್ಣ, ಆರ್ಗಾನ್ ಥರದ ಗ್ಯಾಸಿಗೂ ಗಾಳಿಗೂ ಕಪ್ಪು. ಅಮೆರಿಕದ ರೀತಿಯಲ್ಲಿ ಆಕ್ಸಿಜನ್ ಹಸಿರು. ಹೊರಗಿನಿಂದ ತರಿಸಿದ ರೀಲ್ ಹಸಿರು ಹೋಸಿನೊಂದಿಗೆ ಬಂದರೆ ಗಾಬರಿ ಬೇಡ. ಆದರೆ ಒಂದೇ ವರ್ಕ್‌ಶಾಪಿನಲ್ಲಿ ಎರಡು ಪದ್ಧತಿ ಬೆರೆಸಬೇಡಿ. ಸ್ಟ್ಯಾಂಡರ್ಡ್ ನಂಬರ್, ಒತ್ತಡ, ಒಳ ಅಳತೆ, ತಯಾರಾದ ವರ್ಷ ಇವಿಷ್ಟೂ ಹೋಸಿನ ಮೇಲೆ ಅಚ್ಚಾಗಿರಬೇಕು. ರೀಲಿನ ಜೊತೆಗೇ ಬಂದ ಹೋಸ್ ಅಂತ ನೋಡದೆ ಬಿಡಬೇಡಿ. ರೀಲ್ ಹೊಸದಿದ್ದು ಅದರ ಮೇಲಿನ ಹೋಸ್ ಗೋಡೌನಿನಲ್ಲಿ ಐದು ವರ್ಷ ಕೂತಿದ್ದಿರಬಹುದು.

ಅಸಿಟಿಲೀನಿಗೆ ಮಾಡಿದ ಹೋಸನ್ನು ಎಲ್‌ಪಿಜಿಗೆ ಹಾಕಬೇಡಿ. ಪ್ರೊಪೇನ್, ಬ್ಯುಟೇನ್ ಕೆಲವು ರಬ್ಬರನ್ನು ಒಳಗಿಂದ ಕೆಡಿಸುತ್ತವೆ. ಅಮೆರಿಕದ ಹೋಸುಗಳಲ್ಲಿ ಗ್ರೇಡ್ ಆರ್ ಅಂತ ಇದ್ದರೆ ಅಸಿಟಿಲೀನಿಗೆ ಮಾತ್ರ, ಗ್ರೇಡ್ ಟಿ ಎಲ್ಲ ಇಂಧನ ಗ್ಯಾಸಿಗೂ ಆಗುತ್ತದೆ.

ಈಗ ರೀಲಿನ ನಡುವೆ ತಿರುಗುವ ಸ್ವಿವೆಲ್ ಜಾಯಿಂಟ್ ನೋಡಿ. ಜೋಡಿ ಹೋಸಿನ ರೀಲಿನಲ್ಲಿ ಎರಡು ಗ್ಯಾಸಿಗೆ ಎರಡು ಬೇರೆ ದಾರಿ ಇರುತ್ತದೆ. ಒಂದರದ್ದು ಇನ್ನೊಂದಕ್ಕೆ ಹನಿಯಷ್ಟೂ ಸೋರಬಾರದು. ಗಾಳಿ ಹೋಸಿನ ಎರಡು ರೀಲ್ ತಂದು ಅಕ್ಕಪಕ್ಕ ಹಾಕಿ "ಅದೇ ಕೆಲಸ ಮಾಡುತ್ತೆ" ಅನ್ನುವವರ ಮಾತು ಕೇಳಬೇಡಿ. ಅದಕ್ಕೆ ಎರಡು ಕಾರಣ ಇದೆ.

ಒಂದು, ತಾಮ್ರ. ಅಸಿಟಿಲೀನ್ ತಾಮ್ರದ ಜೊತೆ ಸೇರಿ ತಾಮ್ರದ ಅಸಿಟಿಲೈಡ್ ಆಗುತ್ತದೆ. ಒಣಗಿದಾಗ ಅದು ಸಣ್ಣ ಪೆಟ್ಟಿಗೂ ಸಿಡಿಯುವ ವಸ್ತು. ಅದಕ್ಕೇ ಅಸಿಟಿಲೀನ್ ದಾರಿಯಲ್ಲಿ ಶುದ್ಧ ತಾಮ್ರ ನಿಷಿದ್ಧ. ಹಿತ್ತಾಳೆಯಲ್ಲೂ ತಾಮ್ರ 70 ಪರ್ಸೆಂಟ್ ಮೀರಬಾರದು. ಗಾಳಿ ರೀಲಿನ ಸ್ವಿವೆಲ್ ಯಾವ ಲೋಹದ್ದು ಅಂತ ಯಾರಿಗೆ ಗೊತ್ತು?

ಎರಡು, ಎಣ್ಣೆ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ, ಗ್ರೀಸ್ ತಾಗಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಗಾಳಿ ರೀಲಿನ ಸ್ವಿವೆಲಿಗೆ ಫ್ಯಾಕ್ಟರಿಯಲ್ಲೇ ಗ್ರೀಸ್ ಹಚ್ಚಿರುತ್ತಾರೆ. ಕಂಪ್ರೆಸರ್ ಗಾಳಿಯಲ್ಲೂ ಎಣ್ಣೆಯ ಹಸಿ ಇದ್ದೇ ಇರುತ್ತದೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಬೆಳಗ್ಗೆ ಗ್ರೀಸ್ ಗನ್ ಹಿಡಿದು ಆಕ್ಸಿಜನ್ ಸ್ವಿವೆಲಿನ ಮುಂದೆ ಸ್ಟೂಲ್ ಹತ್ತಿ ನಿಂತಿದ್ದ. "ಅಣ್ಣಾ, ಕಿರ್‌ ಅಂತಿತ್ತು, ಸ್ವಲ್ಪ ಹಾಕ್ತೀನಿ" ಅಂದ. ಗನ್ನಿನ ಮೂತಿ ಜಾಯಿಂಟಿಗೆ ಒಂದು ಗೇಣು ದೂರ ಇತ್ತು. ಅವತ್ತೇ ರೀಲಿನ ಮೇಲೆ ಕೆಂಪು ಪೇಂಟಿನಲ್ಲಿ "ಗ್ರೀಸ್ ಹಾಕಬಾರದು" ಅಂತ ಬರೆಸಿದೆ. ನೀವು ರೀಲ್ ಹಾಕಿಸಿದ ದಿನವೇ ಬರೆಸಿ.

ಒಳ ಅಳತೆಗೆ ಬರೋಣ. ಹೋಸುಗಳು ಸಾಮಾನ್ಯವಾಗಿ 6.3, 8, 10 ಮಿ.ಮೀ. ಒಳ ವ್ಯಾಸದಲ್ಲಿ ಸಿಗುತ್ತವೆ. ಅಂತರ ಕಣ್ಣಿಗೆ ಅಷ್ಟೇನೂ ಅನ್ನಿಸುವುದಿಲ್ಲ. ಆದರೆ ಗ್ಯಾಸ್ ಜೋರಾಗಿ ಹರಿಯುವಾಗ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ತಿರುಗುಮುರುಗಾಗಿ ಬದಲಾಗುತ್ತದೆ. ಲೆಕ್ಕ ಬಿಡಿ, ಅರ್ಥ ಇಷ್ಟೇ: ಅದೇ ಗ್ಯಾಸ್ ಹರಿವಿಗೆ 8ರ ಹೋಸಿಗಿಂತ 6.3ರ ಹೋಸಿನಲ್ಲಿ ನಷ್ಟ ಮೂರು ಪಟ್ಟಿಗೂ ಹೆಚ್ಚು. ತೆಳು ಶೀಟ್ ಬ್ರೇಜಿಂಗಿಗೆ 6.3 ಧಾರಾಳ ಸಾಕು. ದಪ್ಪ ಪ್ಲೇಟ್ ಕಟ್ ಮಾಡುವವರು ಇಪ್ಪತ್ತು ಮೀಟರಿಗೆ ಆಕ್ಸಿಜನ್ ಕಡೆ 8 ಅಥವಾ 10 ಹಾಕಿ. ಸ್ವಿವೆಲಿನ ಒಳದಾರಿಯೂ ಅಷ್ಟೇ ಅಗಲ ಇರಬೇಕು. ಹೋಸ್ ಹತ್ತು, ಸ್ವಿವೆಲ್ ಆರು ಅಂದರೆ ದುಡ್ಡು ದಂಡ.

ನಷ್ಟ ತುಂಬಲು ರೆಗ್ಯುಲೇಟರ್ ಏರಿಸಿದರಾಯಿತು ಅನ್ನಬೇಡಿ. ಆಕ್ಸಿಜನ್ನಿಗೆ ಸ್ವಲ್ಪ ಏರಿಸಬಹುದು. ಅಸಿಟಿಲೀನ್ 1.5 ಬಾರ್ ದಾಟುವಂತಿಲ್ಲ. ಅದಕ್ಕಿಂತ ಮೇಲೆ ಗಾಳಿ, ಕಿಡಿ ಏನೂ ಇಲ್ಲದೆಯೇ ತಾನಾಗಿ ಒಡೆದು ಸಿಡಿಯುವ ಸ್ವಭಾವ ಅದಕ್ಕಿದೆ.

ಜೋಡಿಸುವಾಗ ತಪ್ಪದಿರಲಿ ಅಂತಲೇ ಇಂಧನ ಗ್ಯಾಸಿನ ನಟ್ಟಿಗೆ ಎಡ ತಿರುಪು, ಅಂಚಿನಲ್ಲಿ ಕಚ್ಚು ಇರುತ್ತದೆ. ಆಕ್ಸಿಜನ್ನಿನದ್ದು ಬಲ ತಿರುಪು. ರೀಲಿನ ಹಿಂದಿನ ಜೋಡಣೆಯಲ್ಲೂ ಹೀಗೇ ಇರಬೇಕು. ಎರಡೂ ಒಂದೇ ತಿರುಪಿನ ಅಡಾಪ್ಟರ್ ಹಾಕಿದ್ದರೆ ಆ ರೀಲನ್ನು ವಾಪಸ್ ಕಳಿಸಿ. ಟಾರ್ಚ್ ತುದಿಯಲ್ಲಿ ಗ್ಯಾಸ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್, ರೆಗ್ಯುಲೇಟರ್ ತುದಿಯಲ್ಲಿ ಹಿಂದಕ್ಕೆ ನುಗ್ಗುವ ಬೆಂಕಿ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಬೇಕೇ ಬೇಕು. ರೀಲಿಗಂತೂ ಇದು ಇನ್ನೂ ಮುಖ್ಯ. ನೆಲದ ಮೇಲಿನ ಹೋಸಿನಲ್ಲಿ ಬೆಂಕಿ ಬಿದ್ದರೆ ಒಂದು ಕಡೆ ತೂತಾಗುತ್ತದೆ. ಸುತ್ತಿದ ಹೋಸಿನಲ್ಲಿ ಬಿದ್ದರೆ ಪಕ್ಕದ ಸುತ್ತು, ಅದರ ಪಕ್ಕದ ಸುತ್ತು ಅಂತ ಎಲ್ಲಕ್ಕೂ ಹತ್ತುತ್ತದೆ. ಆದ್ದರಿಂದ ಕಟಿಂಗ್ ಶುರು ಮಾಡುವ ಮುಂಚೆ ಆದಷ್ಟು ಹೋಸ್ ಹೊರಗೆ ಎಳೆದುಕೊಳ್ಳಿ.

6. ಆರ್ಗಾನ್ ಲೈನ್, ಗಾಳಿ ಲೈನ್

ಇಲ್ಲಿ ಲೆಕ್ಕ ಉಲ್ಟಾ. ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಶೀಲ್ಡಿಂಗ್ ಗ್ಯಾಸಿನ ಹರಿವು ನಿಮಿಷಕ್ಕೆ ಹತ್ತು ಹದಿನೈದು ಲೀಟರ್, ಅಷ್ಟಕ್ಕೆ ದಪ್ಪ ಹೋಸ್ ಬೇಕಿಲ್ಲ. ದಪ್ಪ ಹಾಕಿದರೆ ತೊಂದರೆಯೇ ಜಾಸ್ತಿ. ಫ್ಲೋಮೀಟರ್ ಸಿಲಿಂಡರ್ ಹತ್ತಿರ ಇದ್ದರೆ, ಟ್ರಿಗರ್ ಬಿಟ್ಟಾಗ ಹೋಸಿನಲ್ಲಿ ಒತ್ತಡ ಏರಿ ನಿಲ್ಲುತ್ತದೆ. 8 ಮಿ.ಮೀ. ಒಳ ಅಳತೆಯ ಇಪ್ಪತ್ತು ಮೀಟರಿನಲ್ಲಿ ಒಂದು ಲೀಟರ್ ಜಾಗ. 3 ಬಾರ್ ಒತ್ತಡದಲ್ಲಿ ಅಲ್ಲಿ ಮೂರು ಲೀಟರ್ ಹೆಚ್ಚುವರಿ ಗ್ಯಾಸ್ ಸೇರಿಕೊಳ್ಳುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಅದೆಲ್ಲ ಭುಸ್ ಅಂತ ನುಗ್ಗುತ್ತದೆ, ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬೀಡಿನ (ವೆಲ್ಡಿಂಗ್ ಗೆರೆಯ) ಶುರುವಿನಲ್ಲೇ ಸಣ್ಣ ಸಣ್ಣ ತೂತು ಬಂದರೆ ಇದನ್ನು ಅನುಮಾನಿಸಿ. 6.3ರ ಹೋಸ್ ಹಾಕಿ, ಫ್ಲೋಮೀಟರನ್ನು ರೀಲಿನ ಆಚೆ, ಮಷೀನಿನ ಹತ್ತಿರಕ್ಕೆ ತನ್ನಿ.

ಗಾಳಿ ಹೋಸಿಗೆ ರಬ್ಬರ್ ಸಾಕು. ಅಗ್ಗದ ಪಿವಿಸಿ ಹೋಸಿಗೆ ಕಿಡಿ ಅಂಟಿಕೊಂಡು ತೂತಾಗುತ್ತದೆ. ಒಮ್ಮೆ ಗಾಳಿ ಓಡಿದ ಹೋಸನ್ನು ಆಕ್ಸಿಜನ್ನಿಗೆ ಎಂದೂ ಬಳಸಬೇಡಿ. ಕಾರಣ ಮೇಲೆ ಹೇಳಿದೆ.

7. ಸ್ಪ್ರಿಂಗೋ, ಹಿಡಿಕೆಯೋ

ಹಗುರ ಲೈನ್, ಇಪ್ಪತ್ತು ಮೀಟರ್ ಒಳಗೆ, ದಿನಕ್ಕೆ ಹಲವು ಸಲ ಬಳಕೆ ಅಂದರೆ ಸ್ಪ್ರಿಂಗ್ ರೀಲ್. ಭಾರ, ಉದ್ದ ಅಂದರೆ ಹಿಡಿಕೆಯದ್ದು. ಸ್ಪ್ರಿಂಗ್ ರೀಲಿನಲ್ಲಿ ಎರಡು ಅಂಶ ನೋಡಿ. ಎಳೆದು ನಿಲ್ಲಿಸಿದಾಗ ಕಟಕಟ ಅಂತ ಹಲ್ಲಿಗೆ ಕಚ್ಚಿಕೊಂಡು ನಿಲ್ಲಬೇಕು. ಇಲ್ಲವಾದರೆ ಟಾರ್ಚನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ, ಕೈ ಸೋಲುತ್ತದೆ, ಕಟ್ ಸೊಟ್ಟವಾಗುತ್ತದೆ. ಎರಡನೆಯದು, ತುದಿಗೆ ತಡೆ ಉಂಡೆ. ಹೋಸಿನ ತುದಿ ಡ್ರಮ್ಮಿನೊಳಗೆ ನುಗ್ಗದಂತೆ ಅದೇ ತಡೆಯುತ್ತದೆ. ವಾಪಸ್ ಸುತ್ತುವಾಗ ಹೋಸನ್ನು ಕೈಬಿಡದೆ ಜೊತೆಗೇ ನಡೆದುಕೊಂಡು ಹೋಗಿ. ಬಿಟ್ಟರೆ ತುದಿಯ ನಟ್ಟು ಚಾವಟಿ ಬೀಸಿದ ಹಾಗೆ ಬರುತ್ತದೆ.

ಸ್ಪ್ರಿಂಗಿನ ಡಬ್ಬ ಮಾತ್ರ ನೀವೇ ಬಿಚ್ಚಬೇಡಿ. ಅದು ಬಿಗಿದ ಪಟ್ಟಿ. ತಪ್ಪಿಸಿಕೊಂಡರೆ ಕೈ ಸೀಳುತ್ತದೆ.

8. ಎಲ್ಲಿ ಕೂರಿಸಬೇಕು

ಕಟಿಂಗ್, ಗ್ರೈಂಡಿಂಗಿನ ಕಿಡಿ ಹತ್ತು ಮೀಟರ್ ದಾಟಿ ಹಾರುತ್ತದೆ. ಬೆಂಕಿ ಸುರಕ್ಷತೆಯ ನಿಯಮಗಳಲ್ಲಿ ಸುಡುವ ವಸ್ತುಗಳನ್ನು 11 ಮೀಟರ್ ದೂರ ಇಡಿ ಅನ್ನುವುದು ಅದಕ್ಕೇ. ರೀಲನ್ನು ಅಷ್ಟು ದೂರ ಇಡಲು ಆಗುವುದಿಲ್ಲ, ಒಪ್ಪೋಣ. ಕಿಡಿ ಹಾರುವ ದಿಕ್ಕಿಗೆ ಬೆನ್ನು ಮಾಡಿ ಕೂರಿಸಬಹುದು. ಮುಂದೆ ಒಂದು ತಗಡಿನ ಮರೆ ಕಟ್ಟಬಹುದು. ಮುಚ್ಚಿದ ಬೀರುವಿನಲ್ಲಿ ಮಾತ್ರ ಗ್ಯಾಸ್ ರೀಲ್ ಬೇಡ, ಸೋರಿದ್ದು ಅಲ್ಲೇ ತುಂಬಿಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಅದರ ರೀಲು ಗುಂಡಿಯ ಹತ್ತಿರ, ನೆಲಮಟ್ಟದ ಮೂಲೆಯಲ್ಲಿ ಇರಬಾರದು.

ಆರ್ಕಿನ ಪಕ್ಕದಲ್ಲೇ ಗೋಡೆಗೆ ರೀಲ್ ಹಾಕಿದರೆ ಇನ್ನೊಂದು ನಿಧಾನದ ಹಾನಿ ಇದೆ. ಆರ್ಕಿನ ಅಲ್ಟ್ರಾವಯಲೆಟ್ ಬೆಳಕಿಗೆ ಓಝೋನ್ ಹುಟ್ಟುತ್ತದೆ, ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಬಾಗಿದ ಜಾಗದಲ್ಲೇ ಬಿರುಕು ಮೊದಲು. ರೀಲಿನ ಮೇಲೆ ಹೋಸು ಯಾವಾಗಲೂ ಬಾಗಿಯೇ ಇರುತ್ತದಲ್ಲ?

ಬೋಲ್ಟ್ ಹಾಕುವ ಗೋಡೆ, ತೊಲೆ ಗಟ್ಟಿಯಿರಲಿ. ರೀಲಿನ ತೂಕವಷ್ಟೇ ಅಲ್ಲ, ಅವಸರದಲ್ಲಿ ಜಗ್ಗುವ ಕೈಯ ಎಳೆತವೂ ಅದರ ಮೇಲೇ ಬೀಳುತ್ತದೆ.

9. ಮೊದಲ ದಿನದ ಪರೀಕ್ಷೆ

ಹೊಸ ರಬ್ಬರ್ ಹೋಸಿನ ಒಳಗೆ ಟಾಲ್ಕ್ ಪುಡಿ ಉಳಿದಿರುತ್ತದೆ. ಟಾರ್ಚ್ ಜೋಡಿಸುವ ಮುಂಚೆ ಎಣ್ಣೆಯಿಲ್ಲದ ನೈಟ್ರೋಜನ್ ಬಿಟ್ಟು ಊದಿ ಹೊರಹಾಕಿ. ಕಂಪ್ರೆಸರ್ ಗಾಳಿ ಬೇಡ.

ಆಮೇಲೆ ಟಾರ್ಚಿನ ವಾಲ್ವ್ ಮುಚ್ಚಿ, ಲೈನಿಗೆ ಕೆಲಸದ ಒತ್ತಡ ಕೊಟ್ಟು, ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಹತ್ತು ನಿಮಿಷ ರೆಗ್ಯುಲೇಟರಿನ ಮುಳ್ಳು ನೋಡಿ. ಕದಲಬಾರದು. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ: ಒಬ್ಬರು ಹೋಸನ್ನು ಪೂರ್ತಿ ಎಳೆದು ವಾಪಸ್ ಸುತ್ತುತ್ತಿರಲಿ, ಇನ್ನೊಬ್ಬರು ಮುಳ್ಳು ನೋಡುತ್ತಿರಲಿ. ನಿಂತಾಗ ಸೋರದ ಸ್ವಿವೆಲ್ ತಿರುಗುವಾಗ ಸೋರುತ್ತದೆ. ನನ್ನ ಒಂದು ರೀಲಿನಲ್ಲಿ ಪ್ರತಿ ಸುತ್ತಿನಲ್ಲೂ ಒಂದೇ ಜಾಗಕ್ಕೆ ಬಂದಾಗ ಮುಳ್ಳು ಕೂದಲೆಳೆಯಷ್ಟು ಇಳಿಯುತ್ತಿತ್ತು. ಲೀಕ್ ನೋಡುವ ದ್ರಾವಣವನ್ನು ಬ್ರಷ್ಷಿನಲ್ಲಿ ಹಚ್ಚಿ ನಿಧಾನ ತಿರುಗಿಸಿದಾಗ ಗುಳ್ಳೆ ಎದ್ದಿತು. ಒಳಗಿನ ಓ-ರಿಂಗ್ ಒಂದು ಕಡೆ ಕಚ್ಚಿಹೋಗಿತ್ತು. ಆಕ್ಸಿಜನ್ನಿಗೆ ಆಗುವ ದ್ರಾವಣವನ್ನೇ ಬಳಸಿ, ಎಣ್ಣೆಯಂಶ ಇರುವ ಸೋಪು ಬೇಡ.

ಕೇಬಲ್ ರೀಲಿಗೂ ಪರೀಕ್ಷೆ ಇದೆ. ನೀವು ಮಾಮೂಲಾಗಿ ಎಳೆಯುವಷ್ಟೇ ಎಳೆದು, ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ. ಪ್ಲಗ್ ತೆಗೆದು ಕೇಬಲ್ ಬಿಚ್ಚುತ್ತ ಒಳಗಿನ ಸುತ್ತುಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಒಂದೋ ಕೇಬಲ್ ದಪ್ಪ ಮಾಡಬೇಕು, ಇಲ್ಲವೇ ಉದ್ದ ಕತ್ತರಿಸಬೇಕು. ನಾನು ಎರಡನೇ ರೀಲಿನಲ್ಲಿ ಹನ್ನೆರಡು ಮೀಟರ್ ಕತ್ತರಿಸಿ ತೆಗೆದೆ. ಆ ತುಂಡು ಈಗ ಕಂಪ್ರೆಸರಿನ ಲೈನ್ ಆಗಿದೆ, ಗೋಡೆಗುಂಟ ನೇರವಾಗಿ.